ಅಮೆರಿಕದಲ್ಲಿ ವಯಸ್ಸಾದವರೆಲ್ಲ ಒಂಟಿ, ನಮ್ಮಲ್ಲಿ ಹಾಗಿಲ್ಲ ಎನ್ನುವುದು ನಿಜವೇ?

ನೀವು ಕೇಳಿರುವುದು ಇಷ್ಟು: ಅಮೆರಿಕದಲ್ಲಿ ಮಕ್ಕಳು ಹೆತ್ತವರನ್ನು ನೋಡಿಕೊಳ್ಳುವುದಿಲ್ಲ, ಮುದುಕರೆಲ್ಲ ಒಂಟಿಯಾಗಿ ದಿನ ದೂಡುತ್ತಾರೆ, ನಮ್ಮಲ್ಲಿ ಕುಟುಂಬವಿರುವುದರಿಂದ ಆ ತೊಂದರೆಯಿಲ್ಲ ಎನ್ನುತ್ತಾರೆ, ಅಲ್ಲಿ ಬದುಕುತ್ತಿರುವವರಿಗೂ ಹಾಗೆಯೇ ಕಾಣುತ್ತದೆಯೇ?

ಅಲ್ಲಿ ಬಹಳಷ್ಟು ಹಿರಿಯರು ಒಬ್ಬರೇ ಇರುತ್ತಾರೆ ಎನ್ನುವುದು ನಿಜ. ನಮ್ಮಲ್ಲಿ ಆ ತೊಂದರೆಯಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ನಾನು ಹುಟ್ಟಿದ್ದು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನಲ್ಲಿ, ಓದಿದ್ದು ಮೈಸೂರಿನಲ್ಲಿ, ಈಗ ಇರುವುದು ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿ. ಅವ್ವ ಮೈಸೂರಿನ ಕುವೆಂಪುನಗರದಲ್ಲಿ ಅಣ್ಣ ಅತ್ತಿಗೆಯರ ಜೊತೆ ಇದ್ದಾಳೆ. ರಜೆಯಲ್ಲಿ ಬಂದು ಅವಳ ಬಳಿ ಕುಳಿತು ಇದನ್ನು ಬರೆಯುತ್ತಿದ್ದೇನೆ.

ಕೊಲಂಬಸ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆಗೆ ಎಂಬತ್ತು ದಾಟಿದೆ. ಒಬ್ಬರೇ ಇದ್ದಾರೆ. ಮಗ ದೂರದ ರಾಜ್ಯದಲ್ಲಿದ್ದಾನೆ, ಕ್ರಿಸ್ಮಸ್ಸಿಗೆ ಬಂದು ಹೋಗುತ್ತಾನೆ. ಮೊದಲೇ ಫೋನ್ ಮಾಡದೆ ಅವರ ಬಾಗಿಲು ತಟ್ಟುವವರು ಯಾರೂ ಇಲ್ಲ. ಹಿಮ ಬೀಳುವ ತಿಂಗಳುಗಳಲ್ಲಿ ಆ ಮನೆಯ ಕಿಟಕಿಯ ದೀಪ ನೋಡಿಯೇ ನಾನು ಸಮಾಧಾನ ಪಟ್ಟುಕೊಳ್ಳುತ್ತೇನೆ. ಗಂಡ ತೀರಿಕೊಂಡಾಗ ಜನ ಸಂತಾಪದ ಕಾರ್ಡು ಕಳುಹಿಸಿದರು, ಕೆಲವರು ಮೊದಲೇ ಫೋನ್ ಮಾಡಿ ಕೇಳಿಕೊಂಡು ಊಟ ತಂದುಕೊಟ್ಟರು, ಒಂದು ವಾರದಲ್ಲಿ ಎಲ್ಲವೂ ಮುಗಿಯಿತು. ನಮ್ಮೂರಿನಲ್ಲಿ ಅಪ್ಪ ಹೋದಾಗ ತಿಥಿ ಮುಗಿಯುವವರೆಗೂ ಮನೆ ತುಂಬ ಜನರಿದ್ದರು. ಒಲೆ ಹಚ್ಚಬೇಡಿ ಎಂದು ನೆರೆಯವರೇ ಅನ್ನ ಸಾರು ಹೊತ್ತು ತಂದರು. ಅವ್ವನನ್ನು ಒಂದು ರಾತ್ರಿಯೂ ಒಬ್ಬಳೇ ಮಲಗಲು ಯಾರೂ ಬಿಡಲಿಲ್ಲ. ಇದರಲ್ಲಿ ನಮ್ಮವರು ಅವರಿಗಿಂತ ಎಷ್ಟೋ ಮೇಲು. ಈ ಮಾತನ್ನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ.

ಆದರೆ ಅದೇ ನೆರೆಯಾಕೆ ವಾಕರ್ ಹಿಡಿದುಕೊಂಡು ಒಬ್ಬರೇ ಬಸ್ ಹತ್ತುತ್ತಾರೆ. ನಿಲ್ದಾಣಕ್ಕೆ ಬಂದ ಬಸ್ಸಿನ ಮುಂಭಾಗ ಕೆಳಕ್ಕೆ ತಗ್ಗುತ್ತದೆ, ಬೇಕಾದರೆ ಬಾಗಿಲಿನಿಂದ ಹಲಗೆ ಚಾಚಿಕೊಳ್ಳುತ್ತದೆ. ಗ್ರಂಥಾಲಯಕ್ಕೆ ಹೋಗುತ್ತಾರೆ, ಹಿರಿಯರ ಕೇಂದ್ರದಲ್ಲಿ ನಾಲ್ಕು ಜನರ ಜೊತೆ ಮಧ್ಯಾಹ್ನದ ಊಟ ಮಾಡಿ ಇಸ್ಪೀಟು ಆಡಿ ಬರುತ್ತಾರೆ.

ಇನ್ನು ಅವ್ವ. ವಿಶ್ವೇಶ್ವರಯ್ಯ ನಾಲೆಯ ನೀರಿನ ಗದ್ದೆಗಳಲ್ಲಿ ನಾಟಿ ಹಾಕಿದವಳು, ಕಬ್ಬಿನ ಸೋಗೆ ಹೊತ್ತು ಮನೆಗೆ ನಡೆದವಳು. ಈಗ ಮಂಡಿ ನೋವು, ಕೈಯಲ್ಲಿ ಊರುಗೋಲು. ನಮ್ಮ ಬೀದಿಯ ಕೊನೆಯಲ್ಲಿ ಪಾರ್ಕ್ ಇದೆ. ಅಲ್ಲಿ ಅವಳ ವಯಸ್ಸಿನ ಹೆಂಗಸರು ಸಂಜೆ ಸೇರುತ್ತಾರೆ. ಅಲ್ಲಿಗೆ ಅವಳು ತಾನಾಗಿ ಹೋಗಲಾರಳು. ಒಂದೊಂದು ಮನೆಯವರೂ ಕಾರು ಹತ್ತಿಸಲು ಗೇಟಿನಿಂದ ರಸ್ತೆಯವರೆಗೆ ಸಿಮೆಂಟಿನ ಇಳಿಜಾರು ಹಾಕಿಸಿಕೊಂಡಿದ್ದಾರೆ, ಹಾಗಾಗಿ ಫುಟ್‌ಪಾತ್ ಉತ್ತ ಹೊಲದ ಹಾಗೆ ಏರುತ್ತ ಇಳಿಯುತ್ತ ಸಾಗುತ್ತದೆ. ನಡುವೆ ಕಬ್ಬಿಣದ ಬೇಲಿಯೊಳಗೆ ಹೂಗಿಡಗಳು, ನಿಲ್ಲಿಸಿದ ಸ್ಕೂಟರುಗಳು, ಟ್ರಾನ್ಸ್‌ಫಾರ್ಮರ್, ಕಾಲಿಟ್ಟರೆ ಅಲುಗಾಡುವ ಮೋರಿಯ ಚಪ್ಪಡಿ. ರಸ್ತೆಗೆ ಇಳಿದರೆ ಹಿಂದಿನಿಂದ ಹಾರ್ನ್. “ಬಿದ್ದು ಕಾಲು ಮುರಿದುಕೊಂಡರೆ ನಿಮಗೇ ಕಷ್ಟ” ಎಂದು ಅವಳು ಟಿ.ವಿ. ಮುಂದೆ ಕೂರುತ್ತಾಳೆ. ಅಣ್ಣ ಕಚೇರಿಗೆ, ಅತ್ತಿಗೆ ಶಾಲೆಗೆ, ಮಕ್ಕಳು ಕಾಲೇಜಿಗೆ ಹೋದ ಮೇಲೆ ಸಂಜೆಯವರೆಗೆ ಆ ಮನೆಯಲ್ಲಿ ಧಾರಾವಾಹಿಯವರ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಇದನ್ನು ಒಂಟಿತನವಲ್ಲ ಎಂದು ಹೇಗೆ ಹೇಳಲಿ?

ಅವಳನ್ನು ಪ್ರೀತಿಸುವವರಿಗೆ ಕೊರತೆಯಿಲ್ಲ. ಆದರೆ ಆ ಪ್ರೀತಿಯ ಭಾರ ಬೀಳುವುದು ಅತ್ತಿಗೆಯ ಮೇಲೆ. ವೈದ್ಯರ ಬಳಿ ಹೋಗಬೇಕೆಂದರೆ ಅತ್ತಿಗೆ ರಜೆ ಹಾಕಬೇಕು, ಆಟೋ ಕರೆಯಬೇಕು, ಹತ್ತಿಸಿ ಇಳಿಸಬೇಕು. ದೇವಸ್ಥಾನಕ್ಕೂ ಅವರೇ, ಬ್ಯಾಂಕಿಗೂ ಅವರೇ. ನಾವು ನಮ್ಮ ಸಂಸ್ಕೃತಿ ಎಂದು ಹೊರದೇಶದಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವುದರ ಬಹುಪಾಲು ಇಂತಹ ಸೊಸೆಯರ ದುಡಿಮೆ. ಅವ್ವನಿಗೂ ಇದು ಗೊತ್ತು, ಅದಕ್ಕೇ ಅವಳು ಎಲ್ಲಿಗೂ ಹೋಗಬೇಕೆಂದು ಕೇಳುವುದನ್ನೇ ಬಿಟ್ಟಿದ್ದಾಳೆ.

ಅಮೆರಿಕದವರಿಗೆ ಈ ಅನುಕೂಲಗಳು ಯಾರೋ ಪ್ರೀತಿಯಿಂದ ಕೊಟ್ಟದ್ದಲ್ಲ. ಮೆಡಿಕೇರ್ ಎನ್ನುವ ಸರ್ಕಾರಿ ಆರೋಗ್ಯ ವಿಮೆ 65 ದಾಟಿದವರಿಗೆ ಸಿಗುವಂತಾದದ್ದು 1965ರ ಕಾಯ್ದೆಯಿಂದ. ಅದಕ್ಕೆ ಮೊದಲು ಅಲ್ಲಿನ ಸುಮಾರು ಅರ್ಧದಷ್ಟು ಹಿರಿಯರಿಗೆ ಆಸ್ಪತ್ರೆಯ ವಿಮೆಯೇ ಇರಲಿಲ್ಲ. ಬಸ್ಸಿನ ಹಲಗೆ, ಫುಟ್‌ಪಾತಿನ ಅಂಚಿನ ಇಳಿಜಾರು ಇವೆಲ್ಲ ದೇಶದುದ್ದಕ್ಕೂ ಕಡ್ಡಾಯವಾದದ್ದು 1990ರ ಅಂಗವಿಕಲರ ಕಾಯ್ದೆಯಿಂದ. ಆ ಮಸೂದೆ ತಡವಾಗುತ್ತಿದೆ ಎಂದು ಆ ವರ್ಷದ ಮಾರ್ಚ್‌ನಲ್ಲಿ ಹತ್ತಾರು ಜನ ತಮ್ಮ ಗಾಲಿಕುರ್ಚಿ, ಊರುಗೋಲುಗಳನ್ನು ಕೆಳಗೆ ಬಿಟ್ಟು ವಾಷಿಂಗ್ಟನ್ನಿನ ಕ್ಯಾಪಿಟಲ್ ಎನ್ನುವ ಸಂಸತ್ ಭವನದ ಮೆಟ್ಟಿಲುಗಳನ್ನು ತೆವಳಿಕೊಂಡು ಹತ್ತಿದರು. ಅವರಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳೂ ಇದ್ದಳು. ಜುಲೈನಲ್ಲಿ ಕಾಯ್ದೆ ಬಂತು. ನನ್ನ ನೆರೆಯಾಕೆ ಹತ್ತುವ ಬಸ್ಸಿನ ಹಿಂದೆ ಆ ಮೆಟ್ಟಿಲುಗಳಿವೆ.

ಅಲ್ಲಿ ಎಲ್ಲವೂ ಸರಿಯಿದೆ ಎಂದು ತಿಳಿಯಬೇಡಿ. ಎಷ್ಟೋ ಬಡಾವಣೆಗಳಲ್ಲಿ ಫುಟ್‌ಪಾತೇ ಇಲ್ಲ, ಬಸ್ಸೂ ಬರುವುದಿಲ್ಲ. ಕಾರು ಓಡಿಸುವಷ್ಟು ಕಣ್ಣು ಕಾಣದಾದ ದಿನದಿಂದ ಅಲ್ಲಿನವರು ಮನೆಯಲ್ಲೇ ಸೆರೆ. ಮೆಡಿಕೇರ್ ಆಸ್ಪತ್ರೆಯ ಖರ್ಚು ನೋಡಿಕೊಳ್ಳುತ್ತದೆಯೇ ಹೊರತು ವೃದ್ಧಾಶ್ರಮದಲ್ಲಿ ವರ್ಷಗಟ್ಟಲೆ ಇರುವ ಖರ್ಚನ್ನು ಕೊಡುವುದಿಲ್ಲ. ಅದಕ್ಕಾಗಿ ಜೀವಮಾನದ ಉಳಿತಾಯವೆಲ್ಲ ಕರಗಿಸಿಕೊಂಡವರನ್ನು ನೋಡಿದ್ದೇನೆ.

ನಮ್ಮಲ್ಲಿಯೂ ಕಾಯ್ದೆಗಳಿಲ್ಲದಿಲ್ಲ. ಹೆತ್ತವರಿಗೆ ಮಕ್ಕಳು ಜೀವನಾಂಶ ಕೊಡಬೇಕು ಎನ್ನುವ ಕಾಯ್ದೆ 2007ರಲ್ಲಿ ಬಂದಿದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದು. ಫುಟ್‌ಪಾತ್ ಕನಿಷ್ಠ 1.8 ಮೀಟರ್ ಅಗಲ ತೆರವಾಗಿರಬೇಕು ಎಂದು ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿಯಲ್ಲಿ ಬರೆದಿಟ್ಟಿದೆ. ಮೈಸೂರಿಗಂತೂ ಇದು ಹೊಸ ವಿದ್ಯೆಯಲ್ಲ. ಪ್ಲೇಗು ಬಂದು ಜನ ಸತ್ತ ಮೇಲೆ, 1903ರಲ್ಲಿ, ಇಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ಗಾಳಿ ಬೆಳಕು ಬರುವ ಬಡಾವಣೆ, ಅಗಲ ರಸ್ತೆ, ಮನೆಗಳ ಹಿಂದೆ ಕೊಳೆ ಕಸ ಸಾಗಿಸಲು ಕನ್ಸರ್ವೆನ್ಸಿ ಓಣಿ ಎಂದು ಯೋಚಿಸಿ ಕಟ್ಟಿದ ಊರಿದು. ಅಂತಹ ಊರಿನಲ್ಲಿ ಮುದುಕಿಯೊಬ್ಬಳು ಪಾರ್ಕಿಗೆ ನಡೆಯಲಾಗದಿರುವುದು ನನಗೆ ನಿಜವಾಗಿಯೂ ನೋವು ತರುತ್ತದೆ.

ಒಂದು ಬದಲಾವಣೆಯಂತೂ ಕಣ್ಣಿಗೆ ಬಿದ್ದಿದೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತವಾಗಿಸಿದ ಶಕ್ತಿ ಯೋಜನೆ ಬಂದಾಗಿನಿಂದ ಊರಿನ ಚಿಕ್ಕಮ್ಮ ಯಾರ ಬಳಿಯೂ ದುಡ್ಡು ಕೇಳದೆ ಮೈಸೂರಿಗೆ ಬಂದು ಅವ್ವನನ್ನು ನೋಡಿಕೊಂಡು ಹೋಗುತ್ತಾಳೆ. ಸೊಪ್ಪು, ಅವರೆಕಾಯಿ, ಊರಿನ ಸುದ್ದಿ ಎಲ್ಲ ತರುತ್ತಾಳೆ. ಆ ದಿನ ಅವ್ವನ ದನಿಯೇ ಬೇರೆ. ವಯಸ್ಸಾದ ಹೆಂಗಸರ ಓಡಾಟ ಅವರ ಕೈಗೇ ಸಿಕ್ಕಾಗ ಏನಾಗುತ್ತದೆ ಎನ್ನುವುದಕ್ಕೆ ನಾನು ಬೇರೆ ಸಾಕ್ಷಿ ಹುಡುಕುವುದಿಲ್ಲ. ಇದನ್ನು ಬಿಟ್ಟಿ ಭಾಗ್ಯ ಎಂದು ಆಡಿಕೊಳ್ಳುವವರ ಮಾತು ನನಗೆ ಹಿಡಿಸುವುದಿಲ್ಲ. ಅವ್ವನಿಗೂ ಟಿಕೆಟ್ ಉಚಿತವೇ, ಆದರೆ ಬಸ್ಸಿನ ಮೊದಲ ಮೆಟ್ಟಿಲು ಅವಳ ಮಂಡಿಗೆ ನಿಲುಕುವುದಿಲ್ಲ.

ಹಾಗಾಗಿ ಯಾರ ಸಂಸ್ಕೃತಿ ಮೇಲು ಎಂದು ಕೇಳುವುದಕ್ಕಿಂತ ನಿಮ್ಮ ಮನೆಯ ಹಿರಿಯರು ಯಾರನ್ನೂ ಕರೆಯದೆ ತಾವಾಗಿ ಎಷ್ಟು ದೂರ ಹೋಗಿಬರಬಲ್ಲರು ಎಂದು ನೋಡಿ. ಈ ಸಲ ಅಣ್ಣ ನಮ್ಮ ಗೇಟಿನ ಮುಂದಿನ ಸಿಮೆಂಟಿನ ಇಳಿಜಾರನ್ನು ಒಡೆಸಿ ಕಾಂಪೌಂಡಿನ ಒಳಕ್ಕೆ ತೆಗೆದುಕೊಂಡ; ಕಾರು ಒಳಗೆ ಬರಲು ಸ್ವಲ್ಪ ತಿಣುಕುತ್ತದೆ, ಅಷ್ಟೆ. ಪಕ್ಕದ ಮನೆಯವರು ಬಂದು ನೋಡಿ, ಎಷ್ಟು ಖರ್ಚಾಯಿತು ಎಂದು ವಿಚಾರಿಸಿದರು. ಪಾರ್ಕಿನವರೆಗಿನ ಉಳಿದ ಮನೆಗಳವರ ಬಳಿ ನಾನು ಮತ್ತು ಅತ್ತಿಗೆ ಈ ಭಾನುವಾರ ಹೋಗಿ ಮಾತನಾಡಲಿದ್ದೇವೆ.