ಸೋಲಿಗ ಬುಡಕಟ್ಟಿನವರ ಪೋಡುಗಳಲ್ಲಿ (ಹಾಡಿಗಳಲ್ಲಿ) ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತರೋಗದ ತಪಾಸಣೆ ನಡೆಸಲು ಸಣ್ಣ ಟ್ರಸ್ಟ್‌ಗೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಅನುದಾನ ಸಿಗುತ್ತದೆಯೇ?

ಸಿಗುತ್ತದೆ. ಕಂಪನಿ ಕಾಯ್ದೆ 2013ರ 7ನೇ ಅನುಸೂಚಿಯಲ್ಲಿ ಆರೋಗ್ಯ ಸೇವೆ ಇದೆ. ಆದರೆ ಟ್ರಸ್ಟ್‌ಗೆ ಆದಾಯ ತೆರಿಗೆಯ 12ಎ ಮತ್ತು 80ಜಿ ನೋಂದಣಿ, ಇಂಥದ್ದೇ ಕೆಲಸದಲ್ಲಿ ಕನಿಷ್ಠ 3 ವರ್ಷದ ದಾಖಲೆ, ಜೊತೆಗೆ ಸಿಎಸ್‌ಆರ್-1 ನಮೂನೆ ಸಲ್ಲಿಸಿ ಪಡೆದ ನೋಂದಣಿ ಸಂಖ್ಯೆ ಬೇಕು. ಆ ನಮೂನೆಯನ್ನು ವೃತ್ತಿನಿರತ ಸಿಎ, ಕಂಪನಿ ಸೆಕ್ರೆಟರಿ ಅಥವಾ ಕಾಸ್ಟ್ ಅಕೌಂಟೆಂಟ್ ದೃಢೀಕರಿಸಬೇಕು. 3 ವರ್ಷ ತುಂಬಿಲ್ಲವೇ? ಅರ್ಹತೆಯಿರುವ ಹಳೆಯ ಸಂಸ್ಥೆಯ ಹೆಸರಿನಲ್ಲಿ ಅನುದಾನ ಪಡೆದು, ಕೆಲಸ ಹಂಚಿಕೊಳ್ಳುವ ಲಿಖಿತ ಒಪ್ಪಂದ ಮಾಡಿಕೊಳ್ಳಿ.

ಅರ್ಜಿ ಸೋಲುವುದು ಹೆಚ್ಚಾಗಿ ಬಜೆಟ್‌ನಲ್ಲಿ. ಪ್ರಾಥಮಿಕ ರಕ್ತ ತಪಾಸಣೆಯಾದ ಸಾಲ್ಯುಬಿಲಿಟಿ ಪರೀಕ್ಷೆಯ ಕಿಟ್‌ಗೆ ಮಾತ್ರ ಹಣ ಕೇಳುತ್ತಾರೆ. ಅದು ವಾಹಕರನ್ನೂ (ದೋಷಯುಕ್ತ ವಂಶವಾಹಿ ಇದ್ದರೂ ರೋಗವಿಲ್ಲದವರು) ರೋಗಿಗಳನ್ನೂ ಬೇರ್ಪಡಿಸುವುದಿಲ್ಲ. ಪಾಸಿಟಿವ್ ಬಂದವರಿಗೆ ಎಚ್‌ಪಿಎಲ್‌ಸಿಯಂಥ, ರೋಗ ದೃಢಪಡಿಸುವ ಪ್ರಯೋಗಾಲಯ ಪರೀಕ್ಷೆ ಆಗಲೇಬೇಕು. ಆ ವೆಚ್ಚ, ಮಾದರಿ ಸಾಗಣೆ, ಪೋಡಿನಿಂದ ಆಸ್ಪತ್ರೆಗೆ ಜೀಪು, ಈ ರೋಗದ ಔಷಧ ಹೈಡ್ರಾಕ್ಸಿಯೂರಿಯಾ ತೆಗೆದುಕೊಳ್ಳುವವರಿಗೆ ನಿಯಮಿತ ರಕ್ತಕಣ ಎಣಿಕೆ, ಸೋಲಿಗ ಸಮುದಾಯದ ಕಾರ್ಯಕರ್ತೆಯ ಸಂಬಳ, ಎಲ್ಲವನ್ನೂ ಪ್ರತ್ಯೇಕ ಸಾಲಿನಲ್ಲಿ ಬರೆಯಿರಿ. ರೋಗ ಇದೆ ಎಂದು ಹೇಳಿ ಚಿಕಿತ್ಸೆಗೆ ದಾರಿ ಮಾಡದೆ ಬರುವುದು ಅನ್ಯಾಯ. ಆಡಳಿತ ವೆಚ್ಚಕ್ಕಿರುವ ಶೇ 5ರ ಮಿತಿ ಕಂಪನಿಯ ಸ್ವಂತ ಖರ್ಚಿಗೆ, ನಿಮ್ಮ ಕ್ಷೇತ್ರ ಸಿಬ್ಬಂದಿಯ ಸಂಬಳಕ್ಕಲ್ಲ. ಕಂಪನಿಯವರು ಗೊಂದಲ ಮಾಡಿಕೊಂಡರೆ ವಿವರಿಸಿ.

2023ರಿಂದ ಕೇಂದ್ರದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ 40 ವರ್ಷದವರೆಗಿನವರನ್ನು ತಪಾಸಣೆ ಮಾಡುತ್ತಿದೆ. ಆದ್ದರಿಂದ ಯಾವ ಪೋಡು ಬಾಕಿಯಿದೆ ಎಂದು ಜಿಲ್ಲಾ ಆರೋಗ್ಯಾಧಿಕಾರಿಯಿಂದ ತಿಳಿದು, ಅವರ ಒಪ್ಪಿಗೆ ಪತ್ರ ಲಗತ್ತಿಸಿ. ಕಂಪನಿಗಳ ವಾರ್ಷಿಕ ಸಿಎಸ್‌ಆರ್ ಯೋಜನೆ ಏಪ್ರಿಲ್‌ನಿಂದ ಶುರುವಾಗುವುದರಿಂದ ಜನವರಿಯಲ್ಲೇ ಪ್ರಸ್ತಾವ ಕೊಡುವುದು ಒಳ್ಳೆಯದು.