ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಎಷ್ಟು ದೂರ, ಎಷ್ಟು ಹೊತ್ತು?

ಪ್ರಶ್ನೆ: ಮಗಳನ್ನು ನೋಡಲು ಮೊದಲ ಸಲ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದೇನೆ. 2021ರ ಜನವರಿಯಲ್ಲಿ ಅಲ್ಲಿಂದ ಬೆಂಗಳೂರಿಗೆ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲಿಂದ ಬಂತು ಅಂತ ಓದಿದ್ದೆ. ಅಷ್ಟು ಸುತ್ತು ಯಾಕೆ? ಶನಿವಾರ ರಾತ್ರಿ ಹೊರಟು ಸೋಮವಾರ ಬೆಳಗಿನ ಜಾವ ಇಳಿಯಿತಂತೆ. ಎರಡು ದಿನ ಹಾರಿತಾ?

ಉತ್ತರ: ಅದು ಸುತ್ತು ಅಲ್ಲಮ್ಮ. ಮ್ಯಾಪು ನಮಗೆ ಹಾಗೆ ಕಾಣಿಸುತ್ತದೆ, ಅಷ್ಟೇ.

ಗೋಡೆಯ ಮ್ಯಾಪಿನ ಮೇಲೆ ಸ್ಕೇಲ್ ಇಟ್ಟು ಪೆಸಿಫಿಕ್ ಸಾಗರದ ಮೇಲೆ ನೇರ ಗೆರೆ ಎಳೆದರೆ ಆ ದಾರಿ ಸುಮಾರು 16,100 ಕಿ.ಮೀ. ಆಗುತ್ತದೆ. ಈಗ ಒಂದು ಗ್ಲೋಬ್ ತಗೊಳ್ಳಿ. ದಾರದ ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಮೇಲಕ್ಕೆ ಜಾರಿ ಸೈಬೀರಿಯಾ, ಅಲಾಸ್ಕಾ ಮೇಲೆ ಕೂರುತ್ತದೆ. ಈ ದಾರಿ ಸುಮಾರು 14,000 ಕಿ.ಮೀ. ಉಳಿದದ್ದು 2,100 ಕಿ.ಮೀ. ಬೆಂಗಳೂರಿನಿಂದ ದೆಹಲಿಗೆ ಹಾರುವ ದೂರಕ್ಕಿಂತಲೂ ಜಾಸ್ತಿ! ಕಿತ್ತಳೆಯ ತೊಳೆಗಳು ತುದಿಯಲ್ಲಿ ಒಂದಾಗುವ ಹಾಗೆ ರೇಖಾಂಶಗಳು ಧ್ರುವದ ಹತ್ತಿರ ಒಂದಾಗುತ್ತವೆ. ಈ ಎರಡು ಊರುಗಳ ನಡುವೆ 160 ಡಿಗ್ರಿ ರೇಖಾಂಶದ ಅಂತರ ಇದೆ. ಅದನ್ನು ದಾಟಲು ಉತ್ತರದಲ್ಲೇ ಸಲೀಸು.

ಹಾಗಂತ ವಿಮಾನ ಯಾವಾಗಲೂ ದಾರದ ಮೇಲೇ ಹೋಗುವುದಿಲ್ಲ. ಹತ್ತು ಕಿ.ಮೀ. ಆಸುಪಾಸಿನ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಜೋರು ಗಾಳಿ ಬೀಸುತ್ತದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದುಂಟು. ಅಮೆರಿಕಕ್ಕೆ ಹೋಗುವಾಗ ಆ ಗಾಳಿ ಬೆನ್ನಿಗೆ ಸಿಕ್ಕರೆ ದೂರ ಜಾಸ್ತಿಯಾದರೂ ಪೆಸಿಫಿಕ್ ದಾರಿಯೇ ಲಾಭ. ಬರುವಾಗ ಅದೇ ಗಾಳಿ ಎದುರಾಗುತ್ತದೆ, ಅದನ್ನು ತಪ್ಪಿಸಲು ಧ್ರುವದ ಕಡೆ ಹೋಗಬಹುದು. ನೀವು ಓದಿದ ಆ ವಿಮಾನದ ಕ್ಯಾಪ್ಟನ್ ಜೋಯಾ ಅಗರ್ವಾಲ್. ಪೈಲಟ್‌ಗಳೆಲ್ಲ ಮಹಿಳೆಯರೇ. ಇದನ್ನು ನೆನೆದರೆ ನನಗೆ ಇವತ್ತಿಗೂ ಖುಷಿ.

ಇನ್ನು ಎರಡು ದಿನದ ಲೆಕ್ಕ. ವೇಳಾಪಟ್ಟಿ ಪ್ರಕಾರ ಅದು ಶನಿವಾರ ರಾತ್ರಿ 8.30ಕ್ಕೆ ಹೊರಟು ಸೋಮವಾರ ಬೆಳಗಿನ ಜಾವ 3.45ಕ್ಕೆ ಇಳಿಯಬೇಕಿತ್ತು. ಗಡಿಯಾರದಲ್ಲಿ 31 ಗಂಟೆ 15 ನಿಮಿಷ. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಗಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅದನ್ನು ಕಳೆಯಿರಿ. 17 ಗಂಟೆ 45 ನಿಮಿಷ ಉಳಿಯಿತು ಅಲ್ವಾ? ಪ್ರಯಾಣ ಅಷ್ಟೇ. ಹೋಗುವಾಗ ಕಳೆಯಬಾರದು, ಕೂಡಿಸಬೇಕು. ಇಲ್ಲಿಂದ ಮಧ್ಯಾಹ್ನ 2.30ಕ್ಕೆ ಹೊರಟು 16 ಗಂಟೆ ಹಾರಿದರೂ ಅಲ್ಲಿ ಅದೇ ದಿನ ಸಂಜೆ 5 ಗಂಟೆ! ಮಾರ್ಚ್‌ನಿಂದ ನವೆಂಬರ್‌ವರೆಗೆ ಅಲ್ಲಿ ಗಡಿಯಾರ ಮುಂದಿಡುತ್ತಾರೆ, ಆಗ ಹನ್ನೆರಡೂವರೆ ಗಂಟೆ ಕೂಡಿಸಿ.

ನಿಮ್ಮ ಟಿಕೆಟ್ಟಿಗೂ ಇದೇ ಲೆಕ್ಕ ಹಾಕಿ. ನಡುವೆ ವಿಮಾನ ಬದಲಿಸಬೇಕಿದ್ದರೆ ಅಲ್ಲಿ ಕಾಯುವ ಹೊತ್ತೂ ಇದರಲ್ಲೇ ಸೇರಿರುತ್ತದೆ. ದಿನವೂ ಬಿಪಿ, ಶುಗರ್ ಮಾತ್ರೆ ತಗೊಳ್ಳುತ್ತಿದ್ದರೆ ಈ ಗಂಟೆಗಳನ್ನು ಒಂದು ಚೀಟಿಯಲ್ಲಿ ಬರೆದು ನಿಮ್ಮ ಡಾಕ್ಟರಿಗೆ ತೋರಿಸಿ, ಯಾವಾಗ ತಗೊಳ್ಳಬೇಕು ಅಂತ ಹೊರಡುವ ಮುಂಚೆಯೇ ಕೇಳಿಕೊಳ್ಳಿ. ಕೈಗಡಿಯಾರವನ್ನು ಮಗಳ ಮನೆ ಸೇರುವ ತನಕ ನಮ್ಮ ಸಮಯಕ್ಕೇ ಬಿಡಿ.