ಗೃಹಸಾಲ ಮಾರುವ ಕೆಲಸದಲ್ಲಿ ಕೈಗೆ ಬರುವ ಪಗಾರವೆಷ್ಟು?

ಪ್ರಶ್ನೆ: ನಾನು ಬಿ.ಕಾಂ. ಮುಗಿಸಿದ್ದೇನೆ. ಬಾಗಲಕೋಟೆಯ ಗೃಹಸಾಲ ಸಂಸ್ಥೆಯೊಂದರಲ್ಲಿ ಸೇಲ್ಸ್ ಆಫೀಸರ್ ಕೆಲಸಕ್ಕೆ ಕರೆದಿದ್ದಾರೆ. ತಿಂಗಳಿಗೆ ₹18,000 ಸಿಟಿಸಿ (ನನಗಾಗಿ ಸಂಸ್ಥೆ ಮಾಡುವ ಒಟ್ಟು ಖರ್ಚು), ₹40 ಲಕ್ಷದ ಟಾರ್ಗೆಟ್ ದಾಟಿದರೆ ಇನ್ಸೆಂಟಿವ್. ಆದರೆ ಪಗಾರ ಕೊಡುವುದು ಬೇರೊಂದು ಏಜೆನ್ಸಿಯಂತೆ. ಪರಿಚಿತರೊಬ್ಬರು ಕಮಿಷನ್ ಮೇಲೆ ಸಾಲದ ಗ್ರಾಹಕರನ್ನು ತಂದುಕೊಡುವ ಏಜೆಂಟ್, ಅಂದರೆ ಡಿಎಸ್‌ಎ ಆಗುವುದೇ ಲಾಭ ಎನ್ನುತ್ತಾರೆ. ಯಾವುದನ್ನು ಒಪ್ಪಲಿ?
– ಓದುಗರೊಬ್ಬರು, ಇಳಕಲ್

ಉತ್ತರ: ಮೊದಲು ಸಿಟಿಸಿಯನ್ನು ಬಿಡಿಸಿ ನೋಡಿರಿ. ಅದರಲ್ಲಿ ಮೂಲ ವೇತನ ₹10,000 ಇದ್ದರೆ, ಭವಿಷ್ಯನಿಧಿಗೆ ನಿಮ್ಮ ಪಾಲಿನ ಶೇ. 12, ಅಂದರೆ ₹1,200 ಕಡಿತವಾಗುವುದಲ್ಲದೆ, ಮಾಲೀಕರು ಕಟ್ಟಬೇಕಾದ ಅಷ್ಟೇ ಮೊತ್ತವನ್ನೂ ಸಾಮಾನ್ಯವಾಗಿ ಸಿಟಿಸಿಯೊಳಗೇ ಸೇರಿಸಿರುವುದರಿಂದ, ಕೈಗೆ ₹15,600ಕ್ಕಿಂತ ಹೆಚ್ಚು ಬರುವುದಿಲ್ಲ. ಮುಧೋಳ, ಜಮಖಂಡಿ, ಹುನಗುಂದ ಎಂದು ಬೈಕಿನಲ್ಲಿ ಸುತ್ತಿದ ಪೆಟ್ರೋಲನ್ನೂ ಇದರಲ್ಲೇ ಭರಿಸಬೇಕಾದರೆ ಈ ಕೆಲಸ ಬೇಡ ಎಂದೇ ಹೇಳುತ್ತೇನೆ.

ಇನ್ಸೆಂಟಿವ್ ಲೆಕ್ಕ ಇನ್ನೂ ಸೂಕ್ಷ್ಮವಾದದ್ದು. ಲಾಗಿನ್ ಆದ (ಅರ್ಜಿ ದಾಖಲಾದ) ಫೈಲಿಗಾಗಲಿ ಮಂಜೂರಾದ ಸಾಲಕ್ಕಾಗಲಿ ಅಲ್ಲ, ಆ ತಿಂಗಳು ಬಿಡುಗಡೆಯಾದ ಹಣಕ್ಕೆ ಮಾತ್ರ ಅದು ಸಿಗುವುದು ವಾಡಿಕೆ. ನಮ್ಮ ಭಾಗದಲ್ಲಿ ಫೈಲು ನಿಲ್ಲುವುದು ಗ್ರಾಹಕರ ಆದಾಯಕ್ಕಿಂತ ಹೆಚ್ಚಾಗಿ ಕಾಗದಪತ್ರಗಳಲ್ಲಿ: ಪಂಚಾಯತಿ ವ್ಯಾಪ್ತಿಯ ಮನೆಗೆ ಇ-ಸ್ವತ್ತಿನ (ಪಂಚಾಯತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11 ಆಗಿರುವುದಿಲ್ಲ, ಉತಾರದಲ್ಲಿ ತೀರಿಹೋದ ಅಜ್ಜನ ಹೆಸರೇ ಮುಂದುವರಿದಿರುತ್ತದೆ, ಪ್ಲಾಟು ಕೃಷಿಯೇತರ, ಅಂದರೆ ಎನ್‌.ಎ. ಆಗಿರುವುದಿಲ್ಲ. ವಕೀಲರ ವರದಿಯಲ್ಲಿ ಇಂಥದ್ದೊಂದು ಬಂದರೆ ನಿಮ್ಮ ಇಡೀ ತಿಂಗಳ ಓಡಾಟ ಶೂನ್ಯಕ್ಕೆ ಸಮ. ಜೊತೆಗೆ, ₹30 ಲಕ್ಷದವರೆಗಿನ ಗೃಹಸಾಲಕ್ಕೂ ಆಸ್ತಿ ಮೌಲ್ಯದ ಶೇ. 90ನ್ನು ಮೀರಿ ಕೊಡುವಂತಿಲ್ಲವೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ; ಟಾರ್ಗೆಟ್‌ನ ಒತ್ತಡಕ್ಕೆ ‘ಪೂರ್ತಿ ಸಾಲ ಕೊಡಿಸುತ್ತೇನೆ’ ಎಂದು ಮಾತು ಕೊಟ್ಟವರ ಫೈಲುಗಳೇ ಕೊನೆಯಲ್ಲಿ ಮುರಿದುಬೀಳುತ್ತವೆ. ಆದ್ದರಿಂದ ಹಿಂದಿನ ಆರು ತಿಂಗಳಲ್ಲಿ ಆ ಶಾಖೆಯ ಎಷ್ಟು ಜನ ಟಾರ್ಗೆಟ್ ಮುಟ್ಟಿದರು ಎಂದು ವ್ಯವಸ್ಥಾಪಕರನ್ನಲ್ಲ, ಅಲ್ಲಿ ಫೀಲ್ಡಿಗೆ ಹೋಗುವ ಹುಡುಗರನ್ನು ಕೇಳಿರಿ.

ಏಜೆನ್ಸಿಯ ಪೇರೋಲ್ ಎಂಬುದೇ ದೋಷವಲ್ಲ. ಲಿಖಿತ ನೇಮಕಾತಿ ಪತ್ರ, ತಿಂಗಳ ಪಗಾರ ಚೀಟಿ, ಭವಿಷ್ಯನಿಧಿಯ ಯುಎಎನ್ ಸಂಖ್ಯೆ ಇವು ಸಿಗುವುದಾದರೆ ಸೇರಬಹುದು. ಡಿಎಸ್‌ಎಗೆ ಇವಾವುವೂ ಇಲ್ಲ. ಕಮಿಷನ್ನಿನಲ್ಲಿ ಟಿಡಿಎಸ್ ಬೇರೆ ಕಡಿತವಾಗುತ್ತದೆ. ವ್ಯಕ್ತಿಗಳು ಪಡೆದ ಬದಲಾಗುವ ಬಡ್ಡಿದರದ ಗೃಹಸಾಲವನ್ನು ದಂಡವಿಲ್ಲದೆ ಅವಧಿಗೆ ಮೊದಲೇ ತೀರಿಸಬಹುದಾದ್ದರಿಂದ, ಗ್ರಾಹಕರು ಕೆಲವೇ ತಿಂಗಳಲ್ಲಿ ಬೇರೆ ಬ್ಯಾಂಕಿಗೆ ಹೋದಾಗ ಕೊಟ್ಟ ಕಮಿಷನ್ನನ್ನು ಹಿಂದಕ್ಕೆ ಪಡೆಯುವ ಷರತ್ತು ಅನೇಕ ಒಪ್ಪಂದಗಳಲ್ಲಿರುತ್ತದೆ. ಬಿಲ್ಡರ್, ಬಾಂಡ್ ರೈಟರ್‌ಗಳ ಪರಿಚಯವಿಲ್ಲದ ಹೊಸಬರು ಆ ದಾರಿ ಹಿಡಿಯದಿರುವುದು ಲೇಸು.

ಪ್ರಶ್ನೆ: ನಾನು ಮಾಡಿಸಿದ ಸಾಲದ ಕಂತು ಬೌನ್ಸ್ ಆದರೆ ನನ್ನ ಪಗಾರದಲ್ಲಿ ಹಿಡಿಯುತ್ತೇವೆ ಎನ್ನುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ಗೋಕಾಕ

ಉತ್ತರ: ಸರಿಯಲ್ಲ. ವೇತನದಿಂದ ಏನೇನು ಕಡಿತ ಮಾಡಬಹುದೆಂದು ಕಾನೂನೇ ಪಟ್ಟಿ ಮಾಡಿದ್ದು, ಗ್ರಾಹಕರು ಕಟ್ಟದ ಕಂತು ಅದರಲ್ಲಿಲ್ಲ. ಇನ್ಸೆಂಟಿವ್ ತಡೆಹಿಡಿಯುವುದು ಬೇರೆ ಮಾತು. ಯೋಜನೆಯ ಷರತ್ತಿನಲ್ಲಿ ಹಾಗೆ ಬರೆದಿದ್ದರೆ ತಡೆಯಬಹುದು. ಪಗಾರದಲ್ಲೇ ಹಿಡಿದಿದ್ದರೆ, ಪಗಾರ ಚೀಟಿ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಯೊಂದಿಗೆ ಕಾರ್ಮಿಕ ಇಲಾಖೆಯ ಬೆಳಗಾವಿ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.